ಕೊರತೆಯ ಪಾಲು

ಇದ್ದುದನ್ನು ಹಂಚಿಕೊಳ್ಳಲು ಬೇಕಾದ ನ್ಯಾಯ ಬೇರೆ, ಇಲ್ಲದ್ದನ್ನು ಹಂಚಿಕೊಳ್ಳಲು ಬೇಕಾದ ನ್ಯಾಯ ಬೇರೆ. ಮೊದಲನೆಯದಕ್ಕೆ ಹಕ್ಕುಪತ್ರ ಸಾಕು. ಎರಡನೆಯದಕ್ಕೆ ಇನ್ನೊಬ್ಬರ ನಷ್ಟವನ್ನು ಕಣ್ಣಾರೆ ಕಂಡಿರಬೇಕು. ಕಾವೇರಿಯ ಜಗಳ ಬರ ಬಿದ್ದಾಗಲೆಲ್ಲ ಮತ್ತೆ ಹೊತ್ತಿಕೊಳ್ಳುವುದು ಈ ಎರಡನೆಯ ನ್ಯಾಯ ನಮ್ಮಲ್ಲಿ ಇನ್ನೂ ಹುಟ್ಟದ ಕಾರಣದಿಂದ ಎಂಬುದು ನನ್ನ ನಂಬಿಕೆ.

ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಂಚಿದ್ದು 740 ಟಿಎಂಸಿ ನೀರು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದದ್ದು ಪರಿಸರಕ್ಕೆ ಮತ್ತು ಸಮುದ್ರಕ್ಕೆ. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಸೇರಿಸಿತು. ಆದರೆ 740 ಎಂಬುದು ಶೇ 50ರ ಖಾತರಿಯ ಲೆಕ್ಕ. ಎಂದರೆ ಸರಾಸರಿ ಎರಡು ವರ್ಷಗಳಲ್ಲಿ ಒಂದು ವರ್ಷ ನದಿಯಲ್ಲಿ ಅಷ್ಟು ನೀರು ಇರುವುದಿಲ್ಲ. ಅಂಥ ವರ್ಷದಲ್ಲಿ ಅವರವರ ಪಾಲಿನ ಪ್ರಮಾಣದಲ್ಲೇ ಕೊರತೆಯನ್ನೂ ಹಂಚಿಕೊಳ್ಳಿ ಎನ್ನುತ್ತದೆ ತೀರ್ಪು. ಹೇಳಿಕೆ ಸರಳ. ಆದರೆ ಯಾವ ತಿಂಗಳು, ಯಾವ ಬೆಳೆಗೆ, ಎಷ್ಟು ಎಂದು ಎರಡೂ ಕಡೆಯವರು ಒಪ್ಪಿದ ಸಂಕಷ್ಟ ಸೂತ್ರ 2023ರ ಬರದಲ್ಲೂ ಇರಲಿಲ್ಲ. ತಮಿಳುನಾಡಿಗೆ ಐದು ಸಾವಿರ ಕ್ಯೂಸೆಕ್ಸ್ ಬಿಡಿ ಎಂಬ ಆದೇಶ ಬಂತು, ಮಂಡ್ಯ ಬೀದಿಗಿಳಿಯಿತು.

ಪ್ರಮಾಣದ ಲೆಕ್ಕಕ್ಕೆ ಋತುಮಾನ ಗೊತ್ತಿಲ್ಲ. ಕೊಡಗಿನಲ್ಲಿ ಮುಂಗಾರು ಕೈಕೊಟ್ಟರೆ ಕೃಷ್ಣರಾಜಸಾಗರ ತುಂಬುವುದಿಲ್ಲ, ಸರದಿಯಂತೆ ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲೂ ನಾಲೆಗೆ ನೀರು ಸಾಲದು. ಅದೇ ಹೊತ್ತಿಗೆ ತಂಜಾವೂರಿನ ಕಡೆ ಕುರುವೈ ಭತ್ತ ಗದ್ದೆಯಲ್ಲಿರುತ್ತದೆ; ಅವರ ಹಿಂಗಾರು ಬರಬೇಕಾದರೆ ಅಕ್ಟೋಬರ್ ಆಗಬೇಕು. ಮೇಲಿನವನಿಗೆ ಕೊಟ್ಟು ಬರಿಗೈಯಾಗುವ ಭಯ, ಕೆಳಗಿನವನಿಗೆ ಬಾರದೇ ಹೋಗುವ ಭಯ. ಬಾರದ ಮಳೆಗಾಗಿ ಕಾಯುವ ಅಪಾಯವನ್ನು ಯಾರು ಹೊರಬೇಕು? ಪ್ರಶ್ನೆ ಇರುವುದು ಇಲ್ಲಿ. ಅಣೆಕಟ್ಟು ಯಾರ ಕೈಯಲ್ಲಿದೆಯೋ ಅವರಿಗೆ ಕೊಂಚ ಹೆಚ್ಚು ಹೊಣೆ ಇದೆ ಎಂದು ಹೇಳಲು ಕನ್ನಡಿಗನಾಗಿ ನನಗೆ ಸುಲಭವಲ್ಲ, ಆದರೂ ಹೇಳಬೇಕು. ಹಾಗೆಯೇ, ಮೇಲೆ ಹನಿ ಬೀಳದ ವರ್ಷದಲ್ಲೂ ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ಬಾಗಿಲು ಜೂನ್‌ನಲ್ಲೇ ತೆರೆಯಬೇಕೆಂದು ಹಟ ಹಿಡಿಯುವುದೂ ನ್ಯಾಯವಲ್ಲ.

ಈ ಜಗಳದಲ್ಲಿ ಪೆಟ್ಟು ತಿಂದವರು ಯಾರೆಂದು ನೋಡಿ. 1991ರ ಡಿಸೆಂಬರ್‌ನಲ್ಲಿ, ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ, ಬೆಂಗಳೂರಿನಲ್ಲಿ ತಮಿಳು ಕೂಲಿಕಾರರ ಗುಡಿಸಲುಗಳು ಉರಿದವು, ಜನ ಸತ್ತರು. 2016ರಲ್ಲಿ ಮತ್ತೆ ಬಸ್ಸುಗಳು ಸುಟ್ಟವು. ಆ ಕೂಲಿಕಾರರು ಒಂದು ಹನಿ ನೀರನ್ನೂ ತಂಜಾವೂರಿಗೆ ಒಯ್ದವರಲ್ಲ. ನಮ್ಮಂತೆಯೇ ಈ ಊರಿನ ನೀರು ಕುಡಿದು ಬದುಕಿದವರು. ಅವರ ಮೇಲೆ ಎತ್ತಿದ ಕೈಯಿಂದ ಮಂಡ್ಯದ ಒಂದು ಗದ್ದೆಯೂ ಉಳಿಯಲಿಲ್ಲ.

ಬೇರೆ ದಾರಿಯೂ ತೆರೆದಿತ್ತು. 2003ರಲ್ಲಿ, ಹಿಂದಿನ ವರ್ಷದ ನೀರಿನ ಜಗಳದ ಕಹಿ ಆರುವ ಮೊದಲೇ, ಎರಡೂ ರಾಜ್ಯಗಳ ರೈತರು ಒಂದೆಡೆ ಕೂತರು. ಚೆನ್ನೈನ ಜಲತಜ್ಞ ಎಸ್. ಜನಕರಾಜನ್ ಅವರ ಪ್ರಯತ್ನದ ಫಲವಾಗಿ ‘ಕಾವೇರಿ ಕುಟುಂಬ’ ಹುಟ್ಟಿತು. ಇಲ್ಲಿಯವರು ಅಲ್ಲಿಯ ಗದ್ದೆ ನೋಡಿದರು, ಅಲ್ಲಿಯವರು ಇಲ್ಲಿಯದು ನೋಡಿದರು. ಅಂತಿಮ ಸೂತ್ರ ಅವರಿಗೂ ದಕ್ಕಲಿಲ್ಲ. ರೈತರ ಸ್ನೇಹದಿಂದ ಹೊಳೆಗೆ ನೀರು ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಆದರೆ ಒಂದು ಊರಿನ ಬೆಳೆ ಒಣಗಿದ್ದನ್ನು ಕಂಡವನಿಗೆ ಆ ಊರಿನವರು ಕಳ್ಳರೆಂಬ ಮಾತನ್ನು ನಂಬುವುದು ಕಷ್ಟ. ಸೂತ್ರ ಬರೆಯಲು ಬೇಕಾದ ಮೊದಲ ಸಾಮಗ್ರಿ ಅದು.

ಕೊರತೆಯ ವರ್ಷದಲ್ಲಿ ಕೊರತೆಯ ನಿಯಮ ಬರೆಯಲಾಗದು. ಆಗ ಪ್ರತಿ ಅಂಕಿಯೂ ಯಾರದೋ ಅನ್ನ. ತುಂಬಿದ ವರ್ಷದಲ್ಲಿ ಬರೆಯಬೇಕು, ನಾವೋ ಆಗ ಮರೆಯುತ್ತೇವೆ. ಕೃಷ್ಣರಾಜಸಾಗರ 124.80 ಅಡಿ ಮುಟ್ಟಿ ಮುಖ್ಯಮಂತ್ರಿಗಳು ಬಾಗಿನ ಕೊಡುವ ವರ್ಷವೇ ಎರಡೂ ಸರ್ಕಾರಗಳು ಎರಡೂ ಕಡೆಯ ರೈತರನ್ನು ಕೂರಿಸಿಕೊಂಡು ಸಂಕಷ್ಟ ಸೂತ್ರಕ್ಕೆ ಸಹಿ ಹಾಕಲಿ. ಅದನ್ನು ಕೇಳುವ ಕೆಲಸ ನಮ್ಮದು, ನೀರು ಕಣ್ಣಿಗೆ ಕಾಣುತ್ತಿರುವಾಗಲೇ.