ಕಳೆದುಹೋದ ರಹದಾರಿ

ತನ್ನ ಊರಿನಲ್ಲಿ ಬಾಳುವವನಿಗೆ ತಾನು ಯಾರೆಂಬುದನ್ನು ರುಜುವಾತುಪಡಿಸಬೇಕಾದ ಸಂದರ್ಭ ಅಪೂರ್ವ. ಅವನ ಮುಖವೇ ಅವನ ಗುರುತು. ಬೀದಿಯ ಅಂಗಡಿಯವನು, ಎದುರುಮನೆಯ ಅಜ್ಜಿ, ಗುಡಿಯ ಅರ್ಚಕ, ಇವರೆಲ್ಲರ ನೆನಪೇ ಅವನ ದಾಖಲೆ. ಪರದೇಶಕ್ಕೆ ದುಡಿಯಲು ಹೋದವನಿಗೆ ಈ ಸೌಕರ್ಯವಿಲ್ಲ. ಅಲ್ಲಿ ಅವನನ್ನು ಬಲ್ಲವರಿಲ್ಲ. ಬಲ್ಲವರ ಸ್ಥಾನದಲ್ಲಿ ಒಂದು ಚೀಟಿ ನಿಂತಿರುತ್ತದೆ. ಆ ಚೀಟಿ ಕಳೆದುಹೋದರೆ ನಿಜವಾಗಿ ಕಳೆದುದೇನು? ಒಂದು ಕಾಗದವೆ, ದುಡಿಯುವ ಹಕ್ಕೆ, ಅಥವಾ ಮನುಷ್ಯನೇ ಕಳೆದುಹೋದನೆ? ಪ್ರಶ್ನೆ ಸಣ್ಣದಾಗಿ ತೋರಿದರೂ ನ್ಯಾಯಾನ್ಯಾಯಗಳ ವಿವೇಚನೆಗೆ ಸಾಕಷ್ಟು ದೊಡ್ಡದು.

ಸಿಂಗಪುರದ ನಿದರ್ಶನವನ್ನು ತೆಗೆದುಕೊಳ್ಳಬಹುದು. ಆ ನಗರದ ಸೆರಾಂಗೂನ್ ರಸ್ತೆಯ ಸುತ್ತಲಿನ ಭಾಗಕ್ಕೆ ಲಿಟ್ಲ್ ಇಂಡಿಯಾ ಎಂದು ಹೆಸರು. ಭಾನುವಾರ ಸಂಜೆ ತಮಿಳುನಾಡಿನಿಂದಲೂ ಬಾಂಗ್ಲಾದೇಶದಿಂದಲೂ ಬಂದ ಕಟ್ಟಡದ ಕೆಲಸಗಾರರು ಅಲ್ಲಿ ಕಿಕ್ಕಿರಿದು ಸೇರುತ್ತಾರೆ. ಮನೆಗೆ ಹಣ ಕಳುಹಿಸುವುದು, ಸಾಮಾನು ಕೊಳ್ಳುವುದು, ಊರವರ ಮುಖ ನೋಡುವುದು, ಎಲ್ಲವೂ ಆ ಒಂದು ಸಂಜೆಯಲ್ಲಿ ಆಗಬೇಕು. ಆ ಜನಜಂಗುಳಿಯಲ್ಲಿ ಒಬ್ಬನ ಜೇಬಿಗೆ ಕತ್ತರಿ ಬಿತ್ತೆಂದು ಇಟ್ಟುಕೊಳ್ಳಬಹುದು. ಹಣ ಹೋದುದಕ್ಕೆ ಅವನು ಒಂದು ಗಳಿಗೆ ಕೊರಗಿಯಾನು. ಆದರೆ ಹಣದ ಜೊತೆಯಲ್ಲಿದ್ದ ಕೆಲಸದ ರಹದಾರಿಯೂ ಹೋಯಿತೆಂದು ತಿಳಿದೊಡನೆ ಅವನ ಎದೆ ನಡುಗುತ್ತದೆ. ಹಣವನ್ನು ಮತ್ತೆ ಸಂಪಾದಿಸಬಹುದು. ಸಂಪಾದಿಸುವ ಅನುಮತಿಯೇ ಹೋದರೆ ಗತಿಯೇನು?

ಈ ಭಯಕ್ಕೆ ಕಾರಣವಿದೆ. ಅವನ ರಹದಾರಿ ಒಬ್ಬ ಯಜಮಾನನ ಹೆಸರಿಗೆ ಕಟ್ಟಿಬಿದ್ದದ್ದು. ಆ ಯಜಮಾನನಲ್ಲಿ ಮಾತ್ರ ಅವನು ದುಡಿಯಬಹುದು. ಕಾರ್ಡು ಕಳೆದರೆ ಒಂದು ವಾರದೊಳಗೆ ಹೊಸದಕ್ಕೆ ಅರ್ಜಿ ಹೋಗಬೇಕು. ಆ ಅರ್ಜಿಯನ್ನು ಸಲ್ಲಿಸತಕ್ಕವನು ಕೆಲಸಗಾರನಲ್ಲ, ಯಜಮಾನ ಅಥವಾ ಅವನ ಪರವಾಗಿ ನಿಂತ ಮಧ್ಯಸ್ಥ. ಎಂದರೆ ಕಳೆದುಕೊಂಡವನೊಬ್ಬ, ಕೇಳತಕ್ಕವನು ಇನ್ನೊಬ್ಬ. ಯಜಮಾನ ದಯಾವಂತನಾದರೆ ಕೆಲಸ ಸುಸೂತ್ರವಾಗಿ ನಡೆಯುತ್ತದೆ. ಅವನು ಸಿಡುಕನಾದರೆ, ಅಥವಾ ಈ ಆಳನ್ನು ಬಿಡಿಸಲು ನೆವ ಹುಡುಕುತ್ತಿದ್ದರೆ, ಬಡವ ಬಾಯಿಬಿಡಲು ಅಂಜುತ್ತಾನೆ. ಊರಿನಲ್ಲಿ ದಳ್ಳಾಳಿಗೆ ಕೊಟ್ಟ ಹಣದ ಸಾಲ ಇನ್ನೂ ತೀರದವನು ಆ ಅಂಜಿಕೆಯಿಂದ ಒಂದು ದಿನ, ಎರಡು ದಿನ ಸುಮ್ಮನಿರುತ್ತಾನೆ. ಹಾಗೆ ಸುಮ್ಮನಿದ್ದುದೇ ಮುಂದೆ ಅವನ ತಪ್ಪಾಗಿ ನಿಲ್ಲುತ್ತದೆ.

ಈಗ ತತ್ತ್ವದ ಕಡೆಗೆ ಬರಬಹುದು. ನಮ್ಮ ಪ್ರಾಚೀನ ಶಾಸ್ತ್ರಕಾರರು ಹೇತುವಿನಲ್ಲಿ ಎರಡು ಬಗೆಗಳನ್ನು ಹೇಳಿದ್ದಾರೆ: ಕಾರಕಹೇತು, ಜ್ಞಾಪಕಹೇತು. ಗಡಿಗೆಯನ್ನು ಮಾಡಿದ ಕುಂಬಾರ ಕಾರಕ. ಕತ್ತಲೆಯ ಕೋಣೆಯಲ್ಲಿ ಅದನ್ನು ತೋರಿಸಿಕೊಡುವ ದೀಪ ಜ್ಞಾಪಕ. ದೀಪ ಆರಿದರೆ ಗಡಿಗೆ ಕಾಣದೆ ಹೋಗಬಹುದು, ಒಡೆದುಹೋಗುವುದಿಲ್ಲ. ಪರದೇಶದ ಕೆಲಸಗಾರನಿಗೆ ದುಡಿಯುವ ಹಕ್ಕನ್ನು ಉಂಟುಮಾಡಿದುದು ಅಲ್ಲಿನ ಸರ್ಕಾರದ ನಿರ್ಣಯ. ಆ ನಿರ್ಣಯ ದಫ್ತರದಲ್ಲಿ ದಾಖಲಾಗಿದೆ. ಜೇಬಿನ ಕಾರ್ಡು ಅದನ್ನು ತೋರಿಸುವ ದೀಪ ಮಾತ್ರ. ಸಿಂಗಪುರದ ವ್ಯವಸ್ಥೆಯೇ ಇದಕ್ಕೆ ಸಾಕ್ಷಿ. 2017ರಲ್ಲಿ ಅಲ್ಲಿ ಹೊರಟ ಹೊಸ ಕಾರ್ಡುಗಳ ಮೇಲೆ ಅವಧಿ ಮುಗಿಯುವ ದಿನಾಂಕವನ್ನೇ ಅಚ್ಚುಮಾಡಲಿಲ್ಲ. ಕಾರ್ಡಿನ ಮೇಲಿನ ಸಂಕೇತಚಿತ್ರವನ್ನು ಮೊಬೈಲ್ ಫೋನಿನಿಂದ ಓದಿದರೆ, ಆ ಮನುಷ್ಯನ ಅನುಮತಿ ಊರ್ಜಿತವೋ ಅಲ್ಲವೋ ಎಂಬುದನ್ನು ಸರ್ಕಾರದ ದಾಖಲೆಯೇ ತಿಳಿಸುತ್ತದೆ. ಕಾರ್ಡು ತಾನಾಗಿ ಏನನ್ನೂ ಹೇಳುವುದಿಲ್ಲ, ಹೇಳುವುದು ದಫ್ತರ.

ಇದಕ್ಕೆ ಒಂದು ಆಕ್ಷೇಪ ಹೊರಡಬಹುದು. ಹತ್ತು ರೂಪಾಯಿನ ನೋಟು ಕಳೆದರೆ ಹತ್ತು ರೂಪಾಯಿ ಕಳೆದಂತೆಯೇ; ರಿಸರ್ವ್ ಬ್ಯಾಂಕಿನ ಮುಂದೆ ಹೋಗಿ ಮತ್ತೊಂದು ನೋಟನ್ನು ಕೇಳುವಂತಿಲ್ಲ. ರಹದಾರಿಯೂ ಹಾಗೆಯೇ ಏಕಾಗಬಾರದು? ಸಮಾಧಾನ ಇದು: ನೋಟಿನ ಮೇಲೆ ಹೆಸರಿಲ್ಲ, ಅದು ಯಾರ ಕೈಯಲ್ಲಿದೆಯೋ ಅವನದು. ರಹದಾರಿಯ ಮೇಲೆ ಹೆಸರುಂಟು, ಭಾವಚಿತ್ರವುಂಟು. ಅದು ಬ್ಯಾಂಕಿನ ಠೇವಣಿ ಪುಸ್ತಕವನ್ನು ಹೋಲುತ್ತದೆಯೇ ಹೊರತು ನೋಟನ್ನಲ್ಲ. ಪುಸ್ತಕ ಕಳೆದುಕೊಂಡ ಗೃಹಸ್ಥನಿಗೆ ಠೇವಣಿಯೂ ಹೋಯಿತೆಂದು ಹೇಳುವ ಬ್ಯಾಂಕಿನಲ್ಲಿ ಯಾರೂ ಹಣವಿಡಲಾರರು.

ಮತ್ತೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಕಳೆಯಿತೆಂದ ಮಾತ್ರಕ್ಕೆ ಹೊಸದನ್ನು ಕೊಡುತ್ತ ಹೋದರೆ, ಒಬ್ಬನು ತನ್ನ ಕಾರ್ಡನ್ನು ಮಾರಿಕೊಂಡು ಕಳೆಯಿತೆಂದು ಹೇಳಬಹುದಲ್ಲವೆ? ಹೇಳಬಹುದು, ಅಂಥವರಿಲ್ಲವೆಂದು ಸಾಧಿಸುವುದು ಮೂಢತನ. ಠಾಣೆಯಲ್ಲಿ ದೂರು ಕೊಡಬೇಕೆಂಬುದು, ನಕಲಿಗೆ ಶುಲ್ಕವೆಂಬುದು, ಎರಡನೆಯ ಸಲಕ್ಕೆ ಹೆಚ್ಚಿನ ಶುಲ್ಕವೆಂಬುದು ಈ ಭಯದಿಂದ ಹುಟ್ಟಿದ ನಿಯಮಗಳು, ಅವು ಅರ್ಥವಿಲ್ಲದವಲ್ಲ. ಆದರೆ ಹಳೆಯ ಕಾರ್ಡನ್ನು ದಫ್ತರದಲ್ಲಿ ರದ್ದುಮಾಡಿದೊಡನೆ ಅದು ಕಳ್ಳನ ಕೈಯಲ್ಲಿ ಬರಿಯ ತುಣುಕಾಗುತ್ತದೆ. ವಂಚನೆಯನ್ನು ತಡೆಯುವ ಉಪಾಯ ದಫ್ತರದ ಕೈಯಲ್ಲೇ ಇರುವಾಗ, ಆ ಭಾರವನ್ನೆಲ್ಲ ಕಳೆದುಕೊಂಡವನ ಹೆಗಲಿಗೆ ಹೊರಿಸುವುದಕ್ಕೆ ನ್ಯಾಯವೆಲ್ಲಿಯದು? ಮೈಮರೆತು ಕಳೆದುಕೊಂಡವನು ಬೇರೆ, ಕಳವಿಗೆ ಈಡಾದವನು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ಕಳ್ಳನು ಮಾಡಿದ ಕೆಲಸವನ್ನು ಇನ್ನೊಂದು ಸಲ ಮಾಡಿದಂತೆ.

ಜ್ಞಾಪಕವನ್ನೇ ಕಾರಕವೆಂದು ಭ್ರಮಿಸಿದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಪಾಠವುಂಟು. ಹಿಂದೂಸ್ಥಾನದಿಂದ ಮಾರಿಷಸ್ ದ್ವೀಪದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದವರು ಕರಾರು ಮುಗಿಸಿದ ಮೇಲೂ ಸ್ವತಂತ್ರರಾಗಿ ತಿರುಗಾಡುವಂತಿರಲಿಲ್ಲ. 1867ರ ಕಾಯಿದೆಯ ಮೇರೆಗೆ ಅಂಥವರು ಭಾವಚಿತ್ರವಿದ್ದ ಟಿಕೆಟ್ಟನ್ನೂ ಪೊಲೀಸಿನವರ ಪಾಸನ್ನೂ ಇಟ್ಟುಕೊಂಡಿರಬೇಕಾಗಿತ್ತು. ಕೇಳಿದಾಗ ತೋರಿಸಲಾರದವನು ಅಲೆಮಾರಿಯೆಂದು ಬಂಧನಕ್ಕೆ ಗುರಿಯಾಗುತ್ತಿದ್ದನು. ವರ್ಷಗಟ್ಟಲೆ ಬೆವರು ಸುರಿಸಿ ದ್ವೀಪಕ್ಕೆ ಸಕ್ಕರೆಯ ಸಂಪತ್ತನ್ನು ತಂದುಕೊಟ್ಟವನು ಒಂದು ಚೀಟಿ ಮನೆಯಲ್ಲಿ ಉಳಿದುದರಿಂದ ಅಪರಾಧಿಯಾದನು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ತೋಟಗಾರನು ಈ ಜನರ ಪರವಾಗಿ ಒಂದು ಮನವಿಯನ್ನು ಸಿದ್ಧಪಡಿಸಿ, ಸಾವಿರಾರು ಮಂದಿಯ ಅಂಕಿತದೊಡನೆ ಗವರ್ನರಿಗೆ ಒಪ್ಪಿಸಿದನು. ಮರುವರ್ಷ ವಿಚಾರಣೆಗೆಂದು ಲಂಡನ್ನಿನಿಂದ ರಾಜಕೀಯ ಆಯೋಗವೇ ಬರಬೇಕಾಯಿತು. ಆ ಕೂಲಿಗಳು ಕೇಳಿದುದು ದಯೆಯನ್ನಲ್ಲ. ಚೀಟಿಗಿಂತ ಮೊದಲು ತಾವಿದ್ದೇವೆಂಬುದನ್ನು ಒಪ್ಪಬೇಕೆಂದು ಅಷ್ಟೆ.

ಗುರುತು ಕಳೆದುಕೊಂಡವರ ಕಥೆ ಭಾರತೀಯರಿಗೆ ಹೊಸದಲ್ಲ. ಕಾಳಿದಾಸನ ಶಕುಂತಲೆಯ ಉಂಗುರ ಶಚೀತೀರ್ಥದ ನೀರಿನಲ್ಲಿ ಜಾರಿಹೋಯಿತು. ದುರ್ವಾಸರ ಶಾಪದಿಂದ ಮರೆತಿದ್ದ ರಾಜನು ಉಂಗುರವಿಲ್ಲದ ಹೆಂಡತಿಯನ್ನು ಹೆಂಡತಿಯೆಂದು ಒಪ್ಪಲಿಲ್ಲ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿದ ಬೆಸ್ತನನ್ನು ಕಾವಲುಗಾರರು ಕಳ್ಳನೆಂದು ಕಟ್ಟಿ ತಂದರು. ಬಿದ್ದ ರಹದಾರಿ ಸಿಕ್ಕಿದವನೂ ಅದನ್ನು ಠಾಣೆಗೆ ಒಯ್ಯಲು ಹಿಂಜರಿಯುವುದು ಇದೇ ಭಯದಿಂದ. ಆದರೆ ಮೂಲ ಮಹಾಭಾರತದ ಉಪಾಖ್ಯಾನದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿ ರಾಜನಿಗೆ ಎಲ್ಲವೂ ನೆನಪಿದೆ. ಲೋಕ ಸಂಶಯಪಟ್ಟೀತೆಂದು ಮರೆತಂತೆ ನಟಿಸುತ್ತಾನೆ. ಶಕುಂತಲೆ ಸತ್ಯವೊಂದನ್ನೇ ಮುಂದಿಟ್ಟು ವಾದಿಸುತ್ತಾಳೆ. ಕಡೆಗೆ ಅಶರೀರವಾಣಿ ಸಾಕ್ಷಿ ನುಡಿಯಬೇಕಾಗುತ್ತದೆ.

ಈ ಇಬ್ಬರು ದುಷ್ಯಂತರಲ್ಲಿ ಯಾರ ತಪ್ಪು ಹೆಚ್ಚಿನದು? ನಿಜವಾಗಿ ಮರೆತವನು ಗುರುತನ್ನು ಕೇಳಿದರೆ ಅದು ಅಪರಾಧವಲ್ಲ. ಅವನಿಗೆ ಬೇರೆ ದಾರಿಯಿಲ್ಲ. ನೆನಪಿದ್ದೂ ಗುರುತನ್ನು ಕೇಳುವವನು ಸತ್ಯವನ್ನು ಬಲ್ಲವನಾಗಿಯೇ ಅದನ್ನು ಹೊರಗೆ ನಿಲ್ಲಿಸುತ್ತಾನೆ. ಹಿಂದಿನ ಕಾಲದ ಕಚೇರಿಗಳು ಮೊದಲನೆಯ ದುಷ್ಯಂತನಂತೆ ಇದ್ದವೆನ್ನಬಹುದು. ಸಾವಿರಾರು ಹಾಳೆಗಳಲ್ಲಿ ಒಬ್ಬನ ಹೆಸರನ್ನು ಹುಡುಕುವುದು ಸುಲಭವಾಗಿರಲಿಲ್ಲ. ಇಂದಿನ ಕಚೇರಿಯಾದರೋ ಹೆಸರು, ಚಿತ್ರ, ಬೆರಳಚ್ಚು ಎಲ್ಲವನ್ನೂ ಕ್ಷಣದಲ್ಲಿ ಕಾಣಬಲ್ಲದು. ಅಷ್ಟನ್ನು ಬಲ್ಲ ಕಚೇರಿ ಚೀಟಿಯಿಲ್ಲವೆಂಬ ಕಾರಣದಿಂದ ತನ್ನೆದುರು ನಿಂತ ಮನುಷ್ಯನನ್ನು ಅರಿಯೆನೆಂದರೆ ಅದು ಎರಡನೆಯ ದುಷ್ಯಂತನ ನಡತೆ.

ಹಾಗಾದರೆ ಯಾರ ಧರ್ಮವೇನು? ಕಳೆದುಕೊಂಡವನು ತಡಮಾಡದೆ ತಿಳಿಸತಕ್ಕದ್ದು. ಇದು ಅವನ ಹಿತಕ್ಕಾಗಿ ಮಾತ್ರವಲ್ಲ. ಅವನ ಹೆಸರಿನಲ್ಲಿ ಇನ್ನೊಬ್ಬನು ಮಾಡಬಹುದಾದ ಕೇಡನ್ನು ತಡೆಯುವುದಕ್ಕಾಗಿಯೂ ಹೌದು. ರಹದಾರಿಯ ಸಂಖ್ಯೆಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುವುದು ವಿವೇಕ. ಯಜಮಾನನು ಆಳಿನ ಅಂಜಿಕೆಯನ್ನು ತನ್ನ ಅನುಕೂಲಕ್ಕೆ ಬಳಸದೆ ಅರ್ಜಿಯನ್ನು ಕೂಡಲೆ ಸಲ್ಲಿಸತಕ್ಕದ್ದು. ಕಳೆದೀತೆಂಬ ನೆವದಿಂದ ಆಳಿನ ಪಾಸ್‌ಪೋರ್ಟನ್ನು ತನ್ನ ಪೆಟ್ಟಿಗೆಯಲ್ಲಿಡುವುದು ರಕ್ಷಣೆಯಲ್ಲ, ಬಂಧನ. ವಲಸೆ ಕೆಲಸಗಾರರ ವಿಷಯದಲ್ಲಿ 1990ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 21ನೆಯ ವಿಧಿ, ಕಾಯಿದೆಯ ಅಧಿಕಾರವುಳ್ಳ ಸರ್ಕಾರಿ ನೌಕರನ ಹೊರತು ಯಾರೂ ಇಂಥ ಪತ್ರಗಳನ್ನು ಕಿತ್ತುಕೊಳ್ಳಬಾರದೆಂದೂ ನಾಶಮಾಡಬಾರದೆಂದೂ ಸ್ಪಷ್ಟವಾಗಿ ಹೇಳುತ್ತದೆ. ಆ ಒಡಂಬಡಿಕೆಗೆ ಭಾರತವೂ ಸೇರಿಲ್ಲ, ಸಿಂಗಪುರವೂ ಸೇರಿಲ್ಲ. ಆದರೂ ಅದರ ನ್ಯಾಯ ಸೇರಿದವರಿಗೆ ಮಾತ್ರ ಸಲ್ಲುವಂಥದಲ್ಲ. ಇನ್ನು ಕಚೇರಿಯ ಧರ್ಮ. ದೂರು ಬಂದ ದಿನದಿಂದ ಹೊಸ ಕಾರ್ಡು ಕೈಸೇರುವ ದಿನದವರೆಗೆ ಆ ಮನುಷ್ಯನ ಹಕ್ಕು ಅವಿಚ್ಛಿನ್ನವಾಗಿದೆಯೆಂದು ಅದು ಭಾವಿಸತಕ್ಕದ್ದು. ಹಾಗೆಂದು ಒಂದು ರಸೀತಿಯನ್ನು ಕೊಡತಕ್ಕದ್ದು. ಕಳೆದುಕೊಂಡವನು ತನ್ನ ಅರ್ಜಿಯನ್ನು ತಾನೇ ಕೊಡುವಂತಿದ್ದರೆ ಇನ್ನೂ ಲೇಸು.

ಇಷ್ಟೆಲ್ಲ ನಡೆದರೂ ಒಂದು ಮಾತು ಉಳಿಯುತ್ತದೆ. ದಿನದಿನವೂ ಚೀಟಿ ತೋರಿಸುತ್ತ ಬಾಳಿದವನು ಕ್ರಮೇಣ ಆ ಚೀಟಿಯೇ ತಾನೆಂದು ನಂಬತೊಡಗುತ್ತಾನೆ. ಅದು ಕಳೆದ ಸಂಜೆ ಅವನು ತಲೆತಗ್ಗಿಸಿ ಗೋಡೆಯ ಪಕ್ಕದಲ್ಲಿ ನಡೆಯುತ್ತಾನೆ, ತಪ್ಪು ಮಾಡಿದವನಂತೆ. ಅದೇ ವೇಳೆಯಲ್ಲಿ ಊರಿನಲ್ಲಿ ಅವನ ತಾಯಿ ಅವನ ಹೆಸರು ಹೇಳಿ ದೇವರ ಮುಂದೆ ದೀಪ ಹಚ್ಚುತ್ತಿರಬಹುದು. ಆ ಹೆಸರಿಗೆ ಯಾವ ಕಚೇರಿಯ ಮುದ್ರೆಯೂ ಬೇಕಾಗಿಲ್ಲ. ಅದನ್ನು ಮರೆಯದಿರುವುದು ಅವನ ಕೈಯಲ್ಲಿದೆ. ಮರೆಯುವಂತೆ ಮಾಡದಿರುವುದು ಅವನ ದುಡಿಮೆಯನ್ನು ಪಡೆದ ನಾಡಿನ ಕೈಯಲ್ಲಿದೆ.