ರಿಯಾಜ್‌ನ ಬಿಲ್ ಯಾರ ಹೆಸರಿಗೆ?

ಸಂಗೀತವನ್ನೇ ನಂಬಿ ಬದುಕೋರ ಕ್ಯಾಲೆಂಡರನ್ನ ಯಾವತ್ತಾದ್ರೂ ನೋಡಿದೀರಾ? ನಮ್ಮ ಕ್ಯಾಲೆಂಡರನ್ನೇ ತಲೆಕೆಳಗು ಮಾಡಿದ ಹಾಗಿರುತ್ತೆ. ಶನಿವಾರ ಭಾನುವಾರ ನಮಗೆ ರಜೆ, ಅವರಿಗೆ ಪಬ್ಬಿನಲ್ಲೋ ಮದುವೆ ರಿಸೆಪ್ಷನ್ನಿನಲ್ಲೋ ಡ್ಯೂಟಿ. ನಮಗೆ ಗಣೇಶನ ಹಬ್ಬ, ಅವರಿಗೆ ಆರ್ಕೆಸ್ಟ್ರಾ ಸೀಸನ್. ರಾಮನವಮಿಗೆ ಚಾಮರಾಜಪೇಟೆಯ ಪೆಂಡಾಲಿನಲ್ಲಿ ನಾವು ಕೂತು ಕೇಳ್ತೀವಿ, ಅವರು ಅಲ್ಲಿಂದ ಇನ್ನೊಂದು ಪೆಂಡಾಲಿಗೆ ಓಡಬೇಕು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಸೌಂಡ್ ಚೆಕ್, ಇವರು ಮನೆ ಸೇರುವ ಹೊತ್ತಿಗೆ ಮಕ್ಕಳಿಗೆ ನಿದ್ದೆ. ಬೇರೆಯವರ ಬಿಡುವೇ ಇವರ ಕೆಲಸದ ವೇಳೆ.

ಇದರ ಮೇಲೆ ರಿಯಾಜ್. ಕೇಳುಗರಿಗೆ ಕಾಣೋದು ಎರಡು ಗಂಟೆಯ ಕಛೇರಿ. ಅದರ ಹಿಂದೆ ದಿನಾ ಬಾಗಿಲು ಹಾಕಿಕೊಂಡು ಕೂತ ತಾಸುಗಳಿಗೆ ಯಾರೂ ಸಂಬಳ ಕೊಡಲ್ಲ. ಹೊರಗಿನಿಂದ ನೋಡಿದರೆ ಅದು ಕೆಲಸದ ಹಾಗೆ ಕಾಣೋದೂ ಇಲ್ಲ. ಆ ಬಾಗಿಲಿನ ಆಚೆ ಕುಕ್ಕರ್ ಕೂಗಿಸಿದ್ದು ಯಾರು, ಹೋಮ್‌ವರ್ಕ್ ಮಾಡಿಸಿದ್ದು ಯಾರು, ವಯಸ್ಸಾದ ಅಪ್ಪನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಯಾರು? ‘ವರ್ಕ್-ಲೈಫ್ ಬ್ಯಾಲೆನ್ಸ್’ ಅಂತ ನಾವು ಸಲೀಸಾಗಿ ಹೇಳುವಾಗ ತಕ್ಕಡಿಯ ಎರಡೂ ತಟ್ಟೆಗಳು ಒಬ್ಬನದೇ ಅಂದುಕೊಂಡಿರ್ತೀವಿ. ಕಲಾವಿದರ ಮನೆಯಲ್ಲಿ ಒಂದು ತಟ್ಟೆಯಲ್ಲಿರೋದು ಇನ್ನೊಬ್ಬರ ಸಮಯ. ಹಾಗಾಗಿ ಪ್ರಶ್ನೆ ಬರೀ ಟೈಮ್ ಮ್ಯಾನೇಜ್‌ಮೆಂಟಿನದಲ್ಲ. ನನ್ನ ಕಲೆಗಾಗಿ ಇನ್ನೊಬ್ಬರ ಬದುಕಿನಿಂದ ಎಷ್ಟು ತೆಗೆದುಕೊಳ್ಳಬಹುದು?

ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಈ ಪ್ರಶ್ನೆಯನ್ನ ಒಬ್ಬ ಚಿತ್ರಕಾರನ ಉದಾಹರಣೆ ಇಟ್ಟುಕೊಂಡು ಕೆದಕಿದರು. ಗೋಗ್ಯಾಂ ಎಂಬ ಫ್ರೆಂಚ್ ಕಲಾವಿದ ಹೆಂಡತಿ ಮಕ್ಕಳನ್ನ ಬಿಟ್ಟು ದೂರದ ತಾಹಿತಿ ದ್ವೀಪಕ್ಕೆ ಹೋಗಿ ಚಿತ್ರ ಬರೆದವನು. ಆ ಕಥೆಯನ್ನ ತಮ್ಮ ವಾದಕ್ಕೆ ಬೇಕಾದ ಹಾಗೆ ಸ್ವಲ್ಪ ಬದಲಿಸಿಕೊಂಡು ವಿಲಿಯಮ್ಸ್ ಹೇಳಿದ್ದು ಇಷ್ಟು: ಅವನ ನಿರ್ಧಾರಕ್ಕೆ ಸಮರ್ಥನೆ ಅಂತ ಏನಾದರೂ ಇದ್ದರೆ ಅದು ಅವನ ಯಶಸ್ಸು ಮಾತ್ರ. ಆದರೆ ಮನೆ ಬಿಡುವ ದಿನ ಯಶಸ್ಸು ಸಿಗುತ್ತೋ ಇಲ್ಲವೋ ಅವನಿಗೂ ಗೊತ್ತಿರಲ್ಲ, ಅದರಲ್ಲಿ ಅದೃಷ್ಟದ ಪಾಲೂ ಇದೆ. ಇನ್ನೂ ಒಂದು ಮಾತಿದೆ. ಗೆದ್ದರೂ ಆ ಸಮರ್ಥನೆ ಅವನ ಮನಸ್ಸಿಗೆ ಸಮಾಧಾನ ಕೊಡಬಹುದೇ ಹೊರತು, ಬಿಟ್ಟು ಬಂದವರ ಮುಂದೆ ಇಡೋಕೆ ಸಾಲದೇ ಹೋಗಬಹುದು.

ನಮ್ಮಲ್ಲೂ ಮನೆ ಬಿಟ್ಟವರ ಕಥೆಗೆ ಕೊರತೆ ಇಲ್ಲ. 1933ರಲ್ಲಿ ಗದಗದ ಹನ್ನೊಂದು ವರ್ಷದ ಹುಡುಗ ಗುರುವನ್ನ ಹುಡುಕಿಕೊಂಡು ಹೊರಟುಬಿಟ್ಟ. ಟಿಕೆಟ್ ಇಲ್ಲದೆ ರೈಲು ಹತ್ತಿದ್ದು, ಹಾಡಿ ಟಿಸಿಗಳ ಮನಸ್ಸು ಕರಗಿಸಿದ್ದು, ಕೊನೆಗೆ ಅಪ್ಪ ಅವನನ್ನ ಜಲಂಧರದಲ್ಲಿ ಪತ್ತೆ ಮಾಡಿದ್ದು, ಇದನ್ನೆಲ್ಲ ನಾವು ನಗುನಗುತ್ತಾ ಹೇಳ್ತೀವಿ. ಯಾಕೆ? ಆ ಹುಡುಗ ಭೀಮಸೇನ ಜೋಶಿ ಆದರು, 2008ರಲ್ಲಿ ಭಾರತರತ್ನ ಬಂತು. ಹಾಗೆ ಹೊರಟು ಏನೂ ಆಗದೇ ಹೋದ ಹುಡುಗರ ಕಥೆ ಹೇಳೋಕೆ ಯಾರೂ ಇಲ್ಲ, ಅವರ ಅಪ್ಪಂದಿರೂ ಹುಡುಕಿರಬೇಕು. ಇನ್ನು ಭೀಮಸೇನರ ಮೊದಲ ಹೆಂಡತಿಯ ಮಗ ರಾಘವೇಂದ್ರ ಜೋಶಿ ಅಪ್ಪನ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅದರಲ್ಲಿ ಅಪ್ಪನ ಹಾಡಿನ ಮೇಲಿನ ಭಕ್ತಿಯೂ ಇದೆ, ಅಪ್ಪ ಮನೆಯಲ್ಲಿ ಇರದ ನೋವೂ ಇದೆ. ನಮಗೆ ಬಂದದ್ದು ಅಭಂಗ. ಆ ಮಗನ ಪಾಲಿಗೆ ಅಭಂಗದ ಜೊತೆ ಬೇರೆಯದೂ ಬಂತು.

ಮನೆ ಬಿಡದೆಯೇ ದೊಡ್ಡ ಕಲಾವಿದರಾದವರ ಕಥೆ ಸರಳ ಇರಬಹುದು ಅಂತ ಅನ್ನಿಸಿದರೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನ ನೋಡಿ. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗಬಾರದು ಅಂತ ಆಕೆ ತಮ್ಮ ಹಾಡನ್ನೇ ಬದಿಗಿಟ್ಟರು. ಮುಂದೆ ಗಂಡನ ವ್ಯಾಪಾರಗಳು ಕೈಹತ್ತಲಿಲ್ಲ, ಸಂಸಾರ ನಡೆಸುವ ಭಾರ ಗಂಗೂಬಾಯಿಯವರ ದನಿಯ ಮೇಲೇ ಬಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು, ಮತ್ತೆ ರೈಲು ಹತ್ತಿ ಮನೆಗೆ ಬರೋದು, ಮನೆಯಲ್ಲಿ ಮಕ್ಕಳು. ಅಲ್ಲಿ ಮಹತ್ವಾಕಾಂಕ್ಷೆ ಒಂದು ಕಡೆ, ಸಂಸಾರ ಇನ್ನೊಂದು ಕಡೆ ಅಂತ ಇರಲೇ ಇಲ್ಲ. ಕಛೇರಿ ಇದ್ದರೆ ಮನೆಯಲ್ಲಿ ಅಕ್ಕಿ.

ಮಗಳು ಕೃಷ್ಣಾ ದಶಕಗಳ ಕಾಲ ವೇದಿಕೆಯಲ್ಲಿ ತಾಯಿಯ ಹಿಂದೆ ಕೂತು ದನಿಗೂಡಿಸಿದರು. ತಾಯಿಯ ಉಸಿರು ಎಲ್ಲಿ ನಿಲ್ಲುತ್ತೆ ಅಂತ ತಿಳಿದು ಅಲ್ಲಿಂದ ಎತ್ತಿಕೊಳ್ಳುವ ಹಾಡುಗಾರಿಕೆ ಅದು. ಕೃಷ್ಣಾ 2004ರಲ್ಲಿ ತೀರಿಕೊಂಡರು, ಗಂಗೂಬಾಯಿ 2009ರಲ್ಲಿ. ಮಗಳು ತ್ಯಾಗ ಮಾಡಿದಳು ಅಂತ ತೀರ್ಪು ಕೊಡೋಕೆ ನಾವ್ಯಾರು? ಅದೇ ಅವರ ಸಂತೋಷವೂ ಆಗಿದ್ದಿರಬಹುದು. ಆದರೆ ಒಬ್ಬರ ಹಾಡಿಗೆ ಹಿಂದೆ ಮುಂದೆ ಎರಡು ತಲೆಮಾರು ಹೆಗಲು ಕೊಟ್ಟಿದೆ ಅನ್ನೋದನ್ನ ಕೇಳುವಾಗ ಮರೆಯಬಾರದು.

‘ನಾನು ಕೇಳಿಯೇ ತಗೊಂಡಿದ್ದೀನಿ, ಅವಳು ಒಪ್ಪಿದಾಳೆ’ ಅನ್ನುವವರೂ ಇದ್ದಾರೆ. ಕೇಳದೆ ತಗೊಳ್ಳೋರಿಗಿಂತ ಇವರು ವಾಸಿ, ನಿಜ. ಆದರೆ ಒಪ್ಪಿಗೆಯೂ ಅಷ್ಟು ಸುಲಭದ ಮಾತಲ್ಲ. 1901ರ ಡಿಸೆಂಬರಿನಲ್ಲಿ ಆಸ್ಟ್ರಿಯಾದ ಸಂಗೀತಕಾರ ಗುಸ್ತಾವ್ ಮಾಹ್ಲರ್ ತಾನು ಮದುವೆಯಾಗಲಿದ್ದ ಆಲ್ಮಾಗೆ ಉದ್ದದ ಪತ್ರ ಬರೆದ. ಆಕೆಯೂ ಹಾಡುಗಳನ್ನ ರಚಿಸುತ್ತಿದ್ದವಳು. ಒಂದು ಮನೆಯಲ್ಲಿ ಇಬ್ಬರು ರಚನೆಕಾರರು ಆಗದ ಮಾತು, ನೀನು ಬಿಡಬೇಕು ಅನ್ನೋದು ಪತ್ರದ ಸಾರ. ಆಲ್ಮಾ ಒಪ್ಪಿದಳು. 1910ರಲ್ಲಿ ದಾಂಪತ್ಯ ಮುರಿಯುವ ಹಂತಕ್ಕೆ ಬಂದಾಗ ಮಾಹ್ಲರ್ ಅವಳ ಹಳೆಯ ಹಾಡುಗಳನ್ನ ತೆಗೆದು ನೋಡಿದ, ಮೆಚ್ಚಿಕೊಂಡ, ಅದೇ ವರ್ಷ ಐದು ಹಾಡು ಪ್ರಕಟವೂ ಆದವು. ಮುಂದಿನ ವರ್ಷ ಅವನು ತೀರಿಕೊಂಡ. ಇಪ್ಪತ್ತೆರಡರ ಹುಡುಗಿ ಪ್ರೀತಿಯ ಭರದಲ್ಲಿ ಹೇಳಿದ ‘ಹೂಂ’ ಅನ್ನೋದನ್ನ ಜೀವಮಾನದ ರೀಚಾರ್ಜ್ ಅಂದುಕೊಂಡರೆ ಹೀಗಾಗುತ್ತೆ.

ಹಾಗಂತ ಮನೆಯವರು ‘ಬೇಡ’ ಅಂದಿದ್ದೆಲ್ಲ ಸರಿ ಅಂತಲೂ ನಾನು ಹೇಳ್ತಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಜೂನಿಯರ್ ಸೀನಿಯರ್ ಪರೀಕ್ಷೆ ಪಾಸಾಗಿ, ಗಂಡಿನ ಕಡೆಯವರ ಮುಂದೆ ಒಂದು ದೇವರನಾಮ ಹಾಡಿ, ಆಮೇಲೆ ಶ್ರುತಿಪೆಟ್ಟಿಗೆಯನ್ನ ಅಟ್ಟಕ್ಕೆ ಹಾಕಿದ ಹೆಣ್ಣುಮಕ್ಕಳು ಎಷ್ಟು ಜನ! ‘ಸಂಸಾರ ಮುಖ್ಯ’ ಅಂತ ಅವರಿಗೆ ಹೇಳಿದವರು ಅದರ ಬೆಲೆ ಕೇಳಲೇ ಇಲ್ಲ. ಕಲೆಯ ಹೆಸರಲ್ಲಿ ಮನೆಯನ್ನ ಸುಲಿಯೋದು ತಪ್ಪಾದರೆ, ಮನೆಯ ಹೆಸರಲ್ಲಿ ಕಲೆಯನ್ನ ಹಿಸುಕೋದೂ ತಪ್ಪೇ. ಎರಡೂ ಕಡೆ ದೋಷ ಒಂದೇ: ಬೆಲೆ ತೆರುವವರಿಗೆ ಮಾತೇ ಇರಲಿಲ್ಲ.

ಹಾಗಾದರೆ ಏನು ಮಾಡೋದು? ನನಗೆ ತೋಚಿದ್ದು ಹೀಗೆ. ‘ಇನ್ನೊಂದೆರಡು ವರ್ಷ, ಒಂದು ಬ್ರೇಕ್ ಸಿಗ್ಲಿ’ ಅನ್ನುವ ಮಾತಿದೆಯಲ್ಲ, ಅದಕ್ಕೊಂದು ತಾರೀಕು ಹಾಕಬೇಕು. ತಾರೀಕಿಲ್ಲದ ಸಾಲ ಬರೀ ಬಾಯಿಮಾತು. ಆ ದಿನ ಬಂದಾಗ ಕೂತು ಮತ್ತೆ ಕೇಳಬೇಕು, ಆಗ ‘ಸಾಕು, ಈಗ ನನ್ನ ಸರದಿ’ ಅಂದರೆ ಅದಕ್ಕೆ ಜಾಗ ಇರಬೇಕು. ಲೆಕ್ಕ ಗೆದ್ದ ಮೇಲೆ ಮಾಡೋದಲ್ಲ, ಗೆಲುವು ಗೊತ್ತಿಲ್ಲದ ಇವತ್ತೇ ಮಾಡೋದು. ಇದು ಗಿಟಾರ್ ಹಿಡಿದವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಸ್ಟಾರ್ಟಪ್ ಕಟ್ಟೋರಿಗೂ, ಆನ್‌ಸೈಟ್‌ಗೆ ಹಾರೋರಿಗೂ, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆಯೋರಿಗೂ ಇದೇ ಲೆಕ್ಕ. ಮಕ್ಕಳನ್ನ ಕೇಳೋಕಾಗಲ್ಲ ಅನ್ನೋದು ಬೇರೆ. ಐದು ವರ್ಷದ ಮಗುವಿಗೆ ‘ಬೇಡ’ ಅನ್ನೋ ಹಕ್ಕು ಕಾಗದದ ಮೇಲೂ ಇಲ್ಲ. ಅದಕ್ಕೇ ಅವರ ಪಾಲಿನ ಸಂಜೆಗಳನ್ನ ಎಲ್ಲಕ್ಕಿಂತ ಮೊದಲು ತೆಗೆದಿಡಬೇಕು.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಕೂತರೆ ಇನ್ನೊಬ್ಬ ಭೀಮಸೇನ ಹುಟ್ಟಲ್ಲ ಅಂತೀರಾ? ಇರಬಹುದು. ಅವರ ಹಾಡನ್ನ ವಾಪಸ್ ಕೊಡೋಕೆ ನಾನಂತೂ ತಯಾರಿಲ್ಲ. ಆದರೆ ‘ಕಲೆ ತ್ಯಾಗ ಬೇಡುತ್ತೆ’ ಅಂತ ನಾವು ಕೇಳುಗರು ಇಷ್ಟು ಧೈರ್ಯವಾಗಿ ಹೇಳೋದು ಬಿಲ್ ನಮ್ಮ ಮನೆಗೆ ಬರಲ್ಲ ಅಂತ ಗೊತ್ತಿರೋದರಿಂದಲೇ. ಕಛೇರಿ ಮುಗಿದ ಮೇಲೆ ಪಕ್ಕವಾದ್ಯದವರ ಹೆಸರು ಹೇಳ್ತಾರೆ, ಮೈಕ್‌ನವರಿಗೂ ವಂದನೆ ಹೇಳ್ತಾರೆ. ಮನೆಯವರ ಹೆಸರು ಆ ಪಟ್ಟಿಯಲ್ಲಿ ಅಪರೂಪ. ಹೇಳಿದರೂ ಸಾಲ ತೀರಿಬಿಡಲ್ಲ. ಮಾರನೇ ದಿನ ರಿಯಾಜ್‌ನ ಬಾಗಿಲು ತೆಗೆದು ಹೊರಗೆ ಬಂದು, ಇವತ್ತು ನೀನು ಹೋಗಿ ಬಾ, ಮನೆ ನಾನು ನೋಡ್ಕೋತೀನಿ ಅಂದರೆ ಸ್ವಲ್ಪ ತೀರಬಹುದು.