ಹೊರರೂಪ, ಒಳ ಅರ್ಥ: ಇರಾನಿನ ಮಕ್ಕಳ ಚಿತ್ರಪುಸ್ತಕ

ಚಿತ್ರವು ಅರ್ಥವನ್ನು ಹೇಳಿ ಮುಗಿಸಬೇಕೇ, ಮಗುವಿನ ಊಹೆಗೆ ಬಿಡಬೇಕೇ? ಇರಾನಿನಲ್ಲಿ ಈ ಪ್ರಶ್ನೆಗೆ ಸೂಫಿ ಚಿಂತನೆಯ ಮತ್ತು ಹೊಸ ಕಾವ್ಯದ ಹಿನ್ನೆಲೆಯಿದೆ. ಸೂಫಿ ಚಿಂತನೆಯಲ್ಲಿ ಹೊರರೂಪವು ಒಳ ಅರ್ಥದತ್ತ ಕೊಂಡೊಯ್ಯುತ್ತದೆ. ಹೊಸ ಕಾವ್ಯದ ಕವಿ ನೀಮಾ ಯೂಷಿಜ್ ಸಮಪಾದದ ಕಟ್ಟನ್ನು ಸಡಿಲಿಸಿ, ಇರುಳು, ಹಕ್ಕಿ, ಕಾಡುಗಳಿಗೆ ಬಹ್ವರ್ಥದ ಸಂಕೇತಶಕ್ತಿ ಕೊಟ್ಟರು.

1965ರಲ್ಲಿ ಟೆಹರಾನಿನಲ್ಲಿ ಆರಂಭವಾದ ‘ಕಾನೂನ್’ ಎಂಬ ಮಕ್ಕಳ ಸಂಸ್ಥೆ ಕವಿಗಳನ್ನೂ ಚಿತ್ರಕಾರರನ್ನೂ ಒಟ್ಟುಗೂಡಿಸಿತು. ಹೊಸ ಅಲೆಯ ಕವಿ ಅಹ್ಮದ್ ರೆಜಾ ಅಹ್ಮದಿಯವರ ಮಕ್ಕಳ ಕೃತಿಯೊಂದಕ್ಕೆ ಅಬ್ಬಾಸ್ ಕಿಯಾರೊಸ್ತಮಿ ಚಿತ್ರ ಬರೆದರು. ಸಮದ್ ಬೆಹ್ರಂಗಿಯವರ ‘ಪುಟ್ಟ ಕಪ್ಪು ಮೀನು’ (1968) ಗದ್ಯವಾದರೂ ಅದರ ಮೀನು ಸಂಕೇತವೇ. ಫರ್ಷಿದ್ ಮೆಸ್ಘಾಲಿ ಅದನ್ನು ಸರಳ ಆಕಾರಗಳಲ್ಲಿ ಮೂಡಿಸಿದರು. 1974ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಸಂದಿತು. ಇಂಥ ಪುಸ್ತಕಗಳಲ್ಲಿ ಚಿತ್ರವು ಪಠ್ಯದ ವಿವರಣೆಯಲ್ಲ, ಅದರ ಇನ್ನೊಂದು ಓದು. ಅರ್ಥ ಕಟ್ಟುವ ಪಾಲು ಮಗುವಿಗೂ ಇದೆ.